ಬಿಟ್ಟುಹೋದ ಕೆಲಸಕ್ಕೆ ಒಡೆಯರಾರು?

ಒಬ್ಬನು ಬಿಟ್ಟುಹೋದ ವಸ್ತು ಯಾವ ಕ್ಷಣದಿಂದ ಒಡೆಯನಿಲ್ಲದ ವಸ್ತುವಾಗುತ್ತದೆ? ಧರ್ಮಶಾಲೆಯ ಕೋಣೆಯಲ್ಲಿ ಯಾತ್ರಿಕನು ಮರೆತ ಗಂಟನ್ನು ಮುಂದಿಟ್ಟುಕೊಂಡು ಆಡಳಿತ ಮಂಡಳಿಯವರು ಕೇಳಿಕೊಳ್ಳುವ ಪ್ರಶ್ನೆಯಿದು. ಅದನ್ನು ಹೊರಗಿಡದಿದ್ದರೆ ಮುಂದೆ ಬರುವವರಿಗೆ ಜಾಗವಿಲ್ಲ. ಹೊರಗೆಸೆದರೆ ನಾಳೆ ಬಂದು ಕೇಳುವ ಯಾತ್ರಿಕನಿಗೆ ಉತ್ತರವಿಲ್ಲ. ಇದೇ ಪ್ರಶ್ನೆ ಶಾಲೆ ಕಾಲೇಜುಗಳ ಗಣಕಯಂತ್ರದ ಕೋಣೆಯಲ್ಲಿಯೂ ದಿನನಿತ್ಯ ಏಳುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ.

ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ಪದ್ಧತಿ ಹೊಸದಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರಲ್ಲಿಯೇ ಇದನ್ನು ಮಾಡಿ ತೋರಿಸಿದರು. 1969ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿಯವರು ಆರಂಭಿಸಿದ ಯುನಿಕ್ಸ್, ಅದರ ಮಾದರಿಯಲ್ಲಿ 1991ರಲ್ಲಿ ಹುಟ್ಟಿದ ಲಿನಕ್ಸ್, ಇವೆರಡೂ ಇದೇ ಹಂಚಿಕೆಯ ತತ್ತ್ವವನ್ನು ಮುಂದುವರಿಸಿದವು. ವಿದ್ಯಾರ್ಥಿಯು ದೂರದಿಂದ ಸರ್ವರನ್ನು ಪ್ರವೇಶಿಸಿ ಒಂದು ಆಜ್ಞೆಯನ್ನು ಕೊಟ್ಟಾಗ ಅಲ್ಲೊಂದು ಪ್ರಕ್ರಿಯೆ ಹುಟ್ಟುತ್ತದೆ. ಅದಕ್ಕೊಂದು ಸಂಖ್ಯೆ, ಒಬ್ಬ ಒಡೆಯ, ಒಂದು ತಾಯಿ ಪ್ರಕ್ರಿಯೆ ಇರುತ್ತವೆ. ತಾಯಿ ಮೊದಲೇ ಮುಗಿದುಹೋದರೆ ಅನಾಥವಾದ ಮಗುವನ್ನು ಸಾಮಾನ್ಯವಾಗಿ 1ನೆಯ ಸಂಖ್ಯೆಯ ಮೂಲ ಪ್ರಕ್ರಿಯೆ ದತ್ತು ತೆಗೆದುಕೊಳ್ಳುತ್ತದೆ. ವಂಶಾವಳಿಯ ಈ ಲೆಕ್ಕ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಯಂತ್ರದಲ್ಲಿ ಒಡೆಯನ ಹೆಸರಿಲ್ಲದ ಪ್ರಕ್ರಿಯೆಯೇ ಇರುವುದಿಲ್ಲ. ಕೊರತೆಯಿರುವುದು ಹೆಸರಿನದಲ್ಲ, ಗಮನದ್ದು.

ವಿದ್ಯಾರ್ಥಿಯು ಎದ್ದುಹೋಗುತ್ತಾನೆ, ಅಥವಾ ಸಂಪರ್ಕ ನಡುವೆಯೇ ಕಡಿದುಹೋಗುತ್ತದೆ. ಆತ ಬರೆದ ಪಾಠದ ಪ್ರೋಗ್ರಾಮು ಕೊನೆಯಿಲ್ಲದ ಆವರ್ತನಕ್ಕೆ ಸಿಕ್ಕಿಬಿದ್ದಿದ್ದರೆ ಅದು ರಾತ್ರಿಯಿಡೀ ಸುತ್ತುತ್ತಲೇ ಇರಬಹುದು. ಅಂಥ ಒಂದೇ ಪ್ರೋಗ್ರಾಮು ಸಂಸ್ಕಾರಕದ ಒಂದು ತಿರುಳನ್ನು ಸಂಪೂರ್ಣವಾಗಿ ಹಿಡಿದಿಡಬಲ್ಲುದು. ಹತ್ತು ಮಂದಿ ಹೀಗೆ ಮಾಡಿದರೆ ಮರುದಿನ ಬೆಳಿಗ್ಗೆ ಪರೀಕ್ಷೆಯ ಕೆಲಸಕ್ಕೆ ಕುಳಿತವರಿಗೆ ಯಂತ್ರವು ಸ್ಪಂದಿಸುವುದೇ ಇಲ್ಲ. ‘ಜೋಂಬಿ’ ಎಂದು ಕರೆಯಲ್ಪಡುವ, ಮುಗಿದಿದ್ದರೂ ಪಟ್ಟಿಯಲ್ಲಿ ಉಳಿದ ಪ್ರಕ್ರಿಯೆಗಳು ಬೇರೆ. ಅವು ಪಟ್ಟಿಯ ಒಂದು ಸಾಲನ್ನು ಮಾತ್ರ ಆಕ್ರಮಿಸುತ್ತವೆ, ಹೆಸರು ಕೇಳಿದಷ್ಟು ಭಯಂಕರವಲ್ಲ.

ಸ್ವಚ್ಛಗೊಳಿಸುವ ಆಜ್ಞೆಯ ಹೆಸರು ‘ಕಿಲ್’, ಅಂದರೆ ಕೊಲ್ಲು. ಈ ಹೆಸರಿಗೆ ನಮ್ಮ ಮನೆಗಳ ಹಿರಿಯರು ಮುಖ ಗಂಟಿಕ್ಕಬಹುದು. ಯಂತ್ರದ ಪ್ರಕ್ರಿಯೆಗೆ ಜೀವವಿಲ್ಲವಾದುದರಿಂದ ಅಲ್ಲಿ ಹಿಂಸೆಯ ಮಾತಿಲ್ಲ. ನೋವಾಗುವುದು ಅದರ ಹಿಂದೆ ಇರುವ ಮನುಷ್ಯನ ಶ್ರಮಕ್ಕೆ. ಅಲ್ಲದೆ ಈ ಆಜ್ಞೆ ವಾಸ್ತವವಾಗಿ ಒಂದು ಸಂಕೇತವನ್ನು ಕಳುಹಿಸುವುದಷ್ಟೆ. 15ನೆಯ ಸಂಕೇತವು ಮುಗಿಸೆಂಬ ವಿನಂತಿ. ಪ್ರೋಗ್ರಾಮು ಅದನ್ನು ಕೇಳಿಸಿಕೊಂಡು, ಕಡತವನ್ನು ಉಳಿಸಿ, ತೆರೆದುದನ್ನು ಮುಚ್ಚಿ ಹೊರಡಬಹುದು. 9ನೆಯದಕ್ಕೆ ಮರುಮಾತಿಲ್ಲ, ಅರ್ಧ ಬರೆದ ಕಡತ ಅರ್ಧವಾಗಿಯೇ ಉಳಿಯುತ್ತದೆ. ಮೊದಲು 15, ಸ್ವಲ್ಪ ಕಾಯುವಿಕೆ, ಅನಂತರವೇ 9 ಎಂಬ ಕ್ರಮವನ್ನು ಅನುಭವಸ್ಥ ಆಡಳಿತಗಾರರು ಪಾಲಿಸುತ್ತಾರೆ. ಆತುರಗಾರರು ನೇರವಾಗಿ 9ಕ್ಕೇ ಹೋಗುತ್ತಾರೆ. ಇನ್ನೂ ಮೃದುವಾದ ದಾರಿಗಳೂ ಇವೆ: ಪ್ರಕ್ರಿಯೆಯ ಆದ್ಯತೆಯನ್ನು ತಗ್ಗಿಸಿ ಇತರರಿಗೆ ದಾರಿ ಬಿಡಿಸಬಹುದು, ಅಥವಾ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಒಡೆಯನನ್ನು ಕೇಳಿದ ಮೇಲೆ ಮುಂದುವರಿಸಬಹುದು. ನಿಂತ ಪ್ರಕ್ರಿಯೆ ಸ್ಮೃತಿಯನ್ನು ಬಿಟ್ಟುಕೊಡುವುದಿಲ್ಲ ನಿಜ. ಆದರೆ ಕೇಳಲು ಸಮಯವನ್ನು ಕೊಡುತ್ತದೆ.

ಧರ್ಮಸೂಕ್ಷ್ಮವಿರುವುದು ಮರೆತು ಬಿಟ್ಟುದಕ್ಕೂ ಉದ್ದೇಶಪೂರ್ವಕವಾಗಿ ಬಿಟ್ಟುದಕ್ಕೂ ಇರುವ ವ್ಯತ್ಯಾಸದಲ್ಲಿ. ದೂರವಾಣಿ ತಂತಿಯ ಮೂಲಕ ಯಂತ್ರಕ್ಕೆ ಸೇರುತ್ತಿದ್ದ ಕಾಲದಲ್ಲಿ ಸಂಪರ್ಕ ಕಡಿದಾಗ ‘ಹ್ಯಾಂಗಪ್’ ಎಂಬ ಸಂಕೇತ ಹೋಗಿ ಕೆಲಸ ನಿಲ್ಲುತ್ತಿತ್ತು. ತಾನು ಹೋದ ಮೇಲೂ ಕೆಲಸ ನಡೆಯಬೇಕೆನ್ನುವವರಿಗಾಗಿ ‘ನೋಹಪ್’ ಎಂಬ ಆಜ್ಞೆಯಿತ್ತು, ಇಂದಿಗೂ ಇದೆ. ಸಂಶೋಧನಾ ವಿದ್ಯಾರ್ಥಿಯೊಬ್ಬಳು ಮೂರು ದಿನಗಳ ಗಣನೆಯನ್ನು ಹೀಗೆ ಹೂಡಿ ಊರಿಗೆ ಹೋದಳೆನ್ನೋಣ. ಪಟ್ಟಿಯಲ್ಲಿ ಅವಳ ಪ್ರಕ್ರಿಯೆಯೂ, ಸುಮ್ಮನೆ ಸುತ್ತುತ್ತಿರುವ ಪಾಠದ ಪ್ರೋಗ್ರಾಮೂ ಒಂದೇ ರೀತಿ ಕಾಣುತ್ತವೆ: ಒಡೆಯರು ಹಾಜರಿಲ್ಲ, ಯಂತ್ರವನ್ನು ಹೆಚ್ಚು ಬಳಸುತ್ತಿವೆ. ನಡುರಾತ್ರಿ ತಾನಾಗಿ ಓಡಿ ಎಲ್ಲವನ್ನೂ ಗುಡಿಸುವ ವ್ಯವಸ್ಥೆಯು ಎರಡನ್ನೂ ಗುಡಿಸುತ್ತದೆ. ಮೌನವು ಸಮ್ಮತಿಯೆನ್ನುವುದಾದರೆ, ಯಾವುದಕ್ಕೆ ಸಮ್ಮತಿ? ಮುಗಿಸುವುದಕ್ಕೋ, ಮುಂದುವರಿಸುವುದಕ್ಕೋ?

ಇದೇ ವಿವಾದ 2016ರ ಮೇ ತಿಂಗಳಲ್ಲಿ ಲಿನಕ್ಸ್ ಬಳಗದಲ್ಲಿ ದೊಡ್ಡದಾಗಿ ನಡೆಯಿತು. ‘ಸಿಸ್ಟಮ್‌ಡಿ’ ಎಂಬ ವ್ಯವಸ್ಥೆಯ 230ನೆಯ ಆವೃತ್ತಿಯಲ್ಲಿ, ಬಳಕೆದಾರನು ಹೊರನಡೆದೊಡನೆ ಅವನ ಎಲ್ಲ ಪ್ರಕ್ರಿಯೆಗಳನ್ನು ಮುಗಿಸುವುದನ್ನೇ ಮೂಲ ನಿಯಮವಾಗಿ ಮಾಡಲಾಯಿತು. ಉಳಿಸಿಕೊಳ್ಳಬೇಕಾದವರಿಗೆ ಪ್ರತ್ಯೇಕ ಅನುಮತಿಯ ಏರ್ಪಾಡಿತ್ತು. ನೋಹಪ್ ಮುಂತಾದುವನ್ನು ನಂಬಿದ್ದವರು ಆಕ್ಷೇಪಿಸಿದರು. ಡೆಬಿಯನ್ ವಿತರಣೆಯವರು ತಮ್ಮಲ್ಲಿ ಹಳೆಯ ನಡವಳಿಕೆಯನ್ನೇ ಉಳಿಸಿಕೊಂಡರು. ಹೊಸ ನಿಯಮದ ಉದ್ದೇಶದಲ್ಲಿ ದೋಷವಿರಲಿಲ್ಲ. ಹಂಚಿಕೆಯ ಯಂತ್ರವು ಚೊಕ್ಕವಾಗಿರಬೇಕೆಂಬುದು ನ್ಯಾಯವೇ. ಆದರೆ ದಶಕಗಳಿಂದ ‘ಇದು ನಡೆಯುತ್ತಿರಲಿ’ ಎಂದರೆ ನಡೆಯುತ್ತದೆಂದು ನಂಬಿದವರಿಗೆ ಆ ಮಾತಿನ ಅರ್ಥವನ್ನೇ ಬದಲಿಸುವುದು, ಠೇವಣಿಯಿಟ್ಟ ಮೇಲೆ ಕರಾರನ್ನು ತಿದ್ದಿದಂತೆ.

ವ್ಯಾಪಾರಿಗಳಿಗೆ ಪರಿಚಿತವಾದ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಈ ಬಗೆಯ ವಿವೇಕವಿದೆ. 71ನೆಯ ಕಲಮಿನ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಅದನ್ನು ವಶಕ್ಕೆ ತೆಗೆದುಕೊಂಡವನಿಗೆ ಠೇವಣಿಯನ್ನು ಪಡೆದಿಟ್ಟುಕೊಂಡವನಷ್ಟೇ ಹೊಣೆ. ಸಾಮಾನ್ಯವಾಗಿ ಮಾರಾಟಕ್ಕೆ ಬರುವ ವಸ್ತುವಾದರೂ, ಒಡೆಯನನ್ನು ಯುಕ್ತ ಶ್ರಮದಿಂದ ಹುಡುಕಿ ಸಿಗದಿದ್ದಾಗ, ಅಥವಾ ಸಿಕ್ಕ ಒಡೆಯನು ನ್ಯಾಯವಾದ ಖರ್ಚನ್ನು ಕೊಡಲೊಪ್ಪದಿದ್ದಾಗ ಮಾತ್ರ 169ನೆಯ ಕಲಮು ಮಾರಲು ಬಿಡುತ್ತದೆ. ಅದೂ ವಸ್ತುವು ಕೆಡುವ ಅಪಾಯವಿದ್ದಾಗ, ಇಲ್ಲವೇ ಖರ್ಚು ಅದರ ಬೆಲೆಯ ಮೂರನೆಯ ಎರಡು ಭಾಗವನ್ನು ಮುಟ್ಟಿದಾಗ. ಪ್ರಕ್ರಿಯೆಗೆ ಈ ಕಾಯಿದೆ ಅನ್ವಯಿಸದು. ಆದರೂ ಅದರ ಕ್ರಮವನ್ನು ಗಮನಿಸಬೇಕು: ಹುಡುಕಾಟ ಮೊದಲು, ಖರ್ಚಿನ ತೂಕ ಆಮೇಲೆ. ಯಂತ್ರದಲ್ಲಿ ಒಡೆಯನ ಹೆಸರು ಕಣ್ಣೆದುರೇ ಇರುವಾಗ ಹುಡುಕಾಟವೆಂದರೆ ಒಂದು ಪತ್ರ ಕಳುಹಿಸುವಷ್ಟೇ ಶ್ರಮ. ಅಷ್ಟನ್ನೂ ಮಾಡದವನು ಸಮಯವಿರಲಿಲ್ಲವೆಂದು ಹೇಳಲಾರ.

ಹಾಗೆಂದು ಕೈಕಟ್ಟಿ ಕೂರುವುದೂ ನಿರ್ದೋಷವಲ್ಲ. ಸ್ಮೃತಿಯು ಪೂರ್ತಿ ತುಂಬಿದಾಗ ಲಿನಕ್ಸಿನ ತಿರುಳು ತಾನೇ ಒಂದು ಪ್ರಕ್ರಿಯೆಯನ್ನು ಆರಿಸಿ ಮುಗಿಸುತ್ತದೆ. ಅದರ ಆಯ್ಕೆ ಮುಖ್ಯವಾಗಿ ಯಾರು ಹೆಚ್ಚು ಸ್ಮೃತಿ ಹಿಡಿದಿದ್ದಾರೆಂಬುದರ ಮೇಲೆ ನಿಂತಿದೆ. ಯಾರ ಕೆಲಸ ಸಾರ್ಥಕವೆಂಬುದು ಅದಕ್ಕೆ ತಿಳಿಯದು. ಮರೆತವರ ನೂರು ಸಣ್ಣ ಕಸಗಳು ಉಳಿದು, ಊರಿಗೆ ಹೋದವಳ ಮೂರು ದಿನಗಳ ಗಣನೆಯೇ ಬಲಿಯಾಗಬಹುದು. ದಾಕ್ಷಿಣ್ಯದಿಂದ ಕಸ ಮುಟ್ಟದ ಆಡಳಿತಗಾರನು ಆಗ ಅವಳಿಗೆ ಏನು ಹೇಳಬೇಕು?

ವಿದ್ಯಾರ್ಥಿಯ ಪಾಲು ಚಿಕ್ಕದು, ಆದರೆ ಮೊದಲನೆಯದು. ಹೊರಡುವ ಮುನ್ನ ತನ್ನ ಹೆಸರಿನಲ್ಲಿ ಏನು ಓಡುತ್ತಿದೆಯೆಂದು ನೋಡಲು ಒಂದು ಸಾಲಿನ ಆಜ್ಞೆ ಸಾಕು. ತನ್ನದನ್ನು ತಾನೇ ಮುಗಿಸುವ ಅಧಿಕಾರ ಅವನಿಗಿದೆ. ಪರರದನ್ನು ಮುಟ್ಟುವ ಅಧಿಕಾರ ಆಡಳಿತಗಾರನಿಗೆ ಮಾತ್ರ. ಬೇಕೆಂದೇ ಬಿಟ್ಟುಹೋಗುವವರು ಎಷ್ಟು ದಿನಕ್ಕೆ, ಏತಕ್ಕೆ ಎಂಬುದನ್ನು ಮೊದಲೇ ಬರೆದಿಡುವ ಪುಸ್ತಕವೊಂದನ್ನು ಪ್ರಯೋಗಶಾಲೆಯಲ್ಲಿ ಇಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಠಿಣವಾಗಿ ಉಳಿಯುವುದು ವಿದ್ಯಾಭ್ಯಾಸ ಮುಗಿಸಿ ಹೊರಟವರ ಪ್ರಕ್ರಿಯೆಗಳು. ಪತ್ರಕ್ಕೆ ಉತ್ತರ ಬರುವುದಿಲ್ಲ, ವಿಳಾಸವೂ ಮುಚ್ಚಿರಬಹುದು. ಇಲ್ಲಿ ಮುಗಿಸುವುದು ಸರಿ. ಮುಗಿಸುವ ಮುನ್ನ ಅದು ಬರೆಯುತ್ತಿದ್ದ ಕಡತಗಳ ಪ್ರತಿಯನ್ನು ತೆಗೆದಿಟ್ಟು, ಯಾವ ದಿನ, ಯಾರ ಹೆಸರಿನ, ಯಾವ ಆಜ್ಞೆಯನ್ನು ನಿಲ್ಲಿಸಲಾಯಿತೆಂದು ದಾಖಲಿಸಬೇಕು. ಸಂಖ್ಯೆಯನ್ನೊಮ್ಮೆ ಮತ್ತೆ ನೋಡಿಕೊಳ್ಳಲೂ ಬೇಕು. ಮುಗಿದ ಪ್ರಕ್ರಿಯೆಯ ಸಂಖ್ಯೆಯನ್ನು ಯಂತ್ರವು ಮುಂದೊಮ್ಮೆ ಬೇರೆಯವರ ಪ್ರಕ್ರಿಯೆಗೆ ಕೊಡುತ್ತದೆ, ನಿನ್ನೆಯ ಪಟ್ಟಿಯನ್ನು ಹಿಡಿದು ಇಂದು ಗುಡಿಸಿದರೆ ಹೋಗುವುದು ಮತ್ತಾರದೋ ಕೆಲಸ.