ಹಳೆಯ ಹಾಯಿದೋಣಿಗೆ ಎಷ್ಟು ಕೊಡಬಹುದು?

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಲಿಮಿಂಗ್ಟನ್ ಎಂಬ ಪುಟ್ಟ ಊರಿದೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಜೆರೆಮಿ ರೋಜರ್ಸ್ ಅವರ ದೋಣಿ ಕಾರ್ಖಾನೆಯಿಂದ ಕಾಂಟೆಸಾ 32 ಎಂಬ ಹಾಯಿದೋಣಿ ಹೊರಬಂತು. ನಕ್ಷೆ ಡೇವಿಡ್ ಸ್ಯಾಡ್ಲರ್ ಅವರದು. 32 ಅಡಿ ಉದ್ದ, ಫೈಬರ್‌ಗ್ಲಾಸಿನ ಮೈ, ಕಿರಿದಾದ ಒಡಲು. ಅದೇ ಅಚ್ಚಿನಲ್ಲಿ ಮುಂದೆ 700ಕ್ಕೂ ಹೆಚ್ಚು ದೋಣಿಗಳು ತಯಾರಾದವು. ಅರ್ಧ ಶತಮಾನ ಕಳೆದರೂ ಅವು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಆದರೆ ಒಂದೇ ವಯಸ್ಸಿನ ಎರಡು ದೋಣಿಗಳಿಗೆ ಹೇಳುವ ಬೆಲೆಯಲ್ಲಿ ಅಜಗಜಾಂತರವಿರುತ್ತದೆ. ಹೆಚ್ಚು ಕೇಳುವವನು ದುರಾಸೆಯವನು, ಕಡಿಮೆಗೆ ಬಿಟ್ಟುಕೊಡುವವನು ಒಳ್ಳೆಯವನು ಎಂದು ಹೊಸಬರಿಗೆ ಅನ್ನಿಸುವುದು ಸಹಜ. ನಿಜ ಬಹಳ ಸಲ ಇದಕ್ಕೆ ತದ್ವಿರುದ್ಧ.

ಈ ದೋಣಿಗೆ ಹೆಸರು ತಂದುಕೊಟ್ಟದ್ದು 1979ರ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯ. ಆ ವರ್ಷ ಹೊರಟ 303 ದೋಣಿಗಳು ಐರ್ಲೆಂಡಿನ ದಕ್ಷಿಣದ ಕಡಲಲ್ಲಿ ಭೀಕರ ಬಿರುಗಾಳಿಗೆ ಸಿಕ್ಕಿದವು. ಪಂದ್ಯದಲ್ಲಿದ್ದ 15 ನಾವಿಕರು ಪ್ರಾಣ ಕಳೆದುಕೊಂಡರು. ಅತಿ ಸಣ್ಣ ದೋಣಿಗಳ ವರ್ಗದಲ್ಲಿ ಪಂದ್ಯ ಮುಗಿಸಿದ್ದು ಒಂದೇ ಒಂದು: ‘ಅಸೆಂಟ್’ ಎಂಬ ಕಾಂಟೆಸಾ 32. ಆ ಕೀರ್ತಿ ಸಲ್ಲಬೇಕಾದ್ದು ನಕ್ಷೆಗೆ, ಕಟ್ಟಿದ ಕೈಗಳಿಗೆ ಮತ್ತು ಅಂದು ಚುಕ್ಕಾಣಿ ಹಿಡಿದಿದ್ದವರಿಗೆ. ಹತ್ತು ವರ್ಷ ಯಾರೂ ಮುಟ್ಟದೆ ಹಿನ್ನೀರಿನಲ್ಲಿ ಪಾಚಿಗಟ್ಟಿ ನಿಂತ ಅದೇ ಜಾತಿಯ ಇನ್ನೊಂದು ದೋಣಿಗೆ ಅದರಲ್ಲಿ ಪಾಲಿಲ್ಲ. ಮಾರುವವರು ಮಾತ್ರ ಆ ಪಾಲನ್ನೂ ಬೆಲೆಗೆ ಸೇರಿಸಿಯೇ ಹೇಳುತ್ತಾರೆ.

ದನದ ಜಾತ್ರೆಯಲ್ಲಿ ಬಲ್ಲವರು ಎತ್ತಿನ ಕೊಂಬಿನ ಬಣ್ಣಕ್ಕೆ ಮರುಳಾಗದೆ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಹಳೆಯ ದೋಣಿಯಲ್ಲಿ ನೋಡಬೇಕಾದ ಹಲ್ಲು ಎಂದರೆ ಡೆಕ್, ಅಂದರೆ ನಾವು ಓಡಾಡುವ ಮೇಲುಹಾಸು. ಆ ಕಾಲದ ಅನೇಕ ದೋಣಿಗಳ ಡೆಕ್ಕಿನಲ್ಲಿ ಎರಡು ಪದರ ಫೈಬರ್‌ಗ್ಲಾಸಿನ ನಡುವೆ ಹಗುರವಾದ ಬಾಲ್ಸಾ ಮರದ ತುಂಡುಗಳನ್ನು ಕೂರಿಸಿರುತ್ತಾರೆ. ಅಂಚಿನ ಕಂಬಿಗಳಿಗೆ ಹಾಕಿದ ಬೋಲ್ಟಿನ ಸುತ್ತ ಬಳಿದ ಅಂಟು ವರ್ಷಗಳು ಕಳೆದಂತೆ ಬಿರುಕು ಬಿಡುತ್ತದೆ. ಮಳೆನೀರು ಹನಿಹನಿಯಾಗಿ ಒಳಗಿಳಿಯುತ್ತದೆ. ಮೇಲೆ ಹೊಸ ಬಣ್ಣ ಮಿರಿಮಿರಿ ಮಿಂಚುತ್ತಿರುವಾಗಲೇ ಒಳಗೆ ಮರ ಕೊಳೆತು ಮುದ್ದೆಯಾಗಿರುತ್ತದೆ. ದೋಣಿ ಪರೀಕ್ಷಿಸುವ ಸರ್ವೆಯರ್ ಮಂಡಿಯೂರಿ ಕುಳಿತು ಪುಟ್ಟ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗುತ್ತಾನೆ. ಗಟ್ಟಿಯಿರುವಲ್ಲಿ ಟಣ್ ಎನ್ನುವ ಸದ್ದು, ಕೊಳೆತಲ್ಲಿ ದಬ್ ಎನ್ನುವ ಮಂಕು ಸದ್ದು. ಅಲ್ಲಿ ಕಾಲಿಟ್ಟರೆ ಡೆಕ್ ಸ್ವಲ್ಪ ಕುಗ್ಗುವುದೂ ಗೊತ್ತಾಗುತ್ತದೆ. ಕೆಳಮೈಯಲ್ಲಿ ನೀರುಗುಳ್ಳೆ ಎದ್ದಿದೆಯೇ ಎಂದು ಕೊಳ್ಳುವವರು ಬಹಳ ಹೆದರುತ್ತಾರೆ. ಆದರೆ ಗುಳ್ಳೆಯಿಂದ ಮುಳುಗಿದ ದೋಣಿ ಅಪರೂಪ. ಕೊಳೆತ ಡೆಕ್ಕನ್ನು ಬಿಚ್ಚಿ ಕಟ್ಟುವ ಕೂಲಿಯೇ ಕೊಂಡ ಬೆಲೆಯನ್ನು ನುಂಗಬಲ್ಲದು.

ಹಾಯಿಗಂಬವನ್ನು ನಿಲ್ಲಿಸಿರುವ ಉಕ್ಕಿನ ತಂತಿಗಳನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಬದಲಿಸಿರಬೇಕೆಂದು ಸಾಮಾನ್ಯವಾಗಿ ವಿಮಾ ಕಂಪನಿಗಳು ಕೇಳುತ್ತವೆ. ಬದಲಿಸಿದ ರಸೀದಿ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ತಂತಿಗಳನ್ನು ಮೈಗೆ ಬಿಗಿಯುವ ಪಟ್ಟಿಗಳು ಡೆಕ್ಕನ್ನು ಹಾದು ಒಳಗೆ ಇಳಿಯುವ ಜಾಗವನ್ನಂತೂ ಟಾರ್ಚ್ ಬಿಟ್ಟು ನೋಡಲೇಬೇಕು. ತುಕ್ಕು ಹಿಡಿಯದು ಎಂದು ನಾವು ನಂಬಿದ ಸ್ಟೇನ್‌ಲೆಸ್ ಸ್ಟೀಲ್ ಕೂಡ ಗಾಳಿಯಾಡದ ತೇವದ ಸಂದಿಯಲ್ಲಿ ಒಳಗೊಳಗೇ ಸವೆಯುತ್ತದೆ. ಹೊರಗೆ ಕಾಣುವುದು ಚಹಾದ ಕಲೆಯಂಥ ಒಂದು ಕಂದು ಗೆರೆ ಮಾತ್ರ. ಇನ್ನು ಎಂಜಿನ್: ಚಾಲು ಮಾಡುವ ಮೊದಲು ಅದರ ಮೇಲೆ ಕೈಯಿಟ್ಟು ನೋಡಿ. ನೀವು ಬರುವ ಮುಂಚೆಯೇ ಅದು ಬೆಚ್ಚಗಾಗಿದ್ದರೆ, ತಣ್ಣಗಿದ್ದಾಗ ಏಳಲು ಏಕೆ ಸತಾಯಿಸುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ.

ಮರದ ದೋಣಿಯಾದರೆ ಲೆಕ್ಕವೇ ಬೇರೆ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ 312 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದ ‘ಸುಹೈಲಿ’ ನಮ್ಮ ಮುಂಬೈಯಲ್ಲಿ ತೇಗದಲ್ಲಿ ಕಟ್ಟಿದ ದೋಣಿ. ಮುಂದೆ ಅದನ್ನು ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಗೌರವದಿಂದ ಇಟ್ಟರು. ಅಲ್ಲಿನ ಒಣಹವೆಗೆ ಹಲಗೆಗಳು ಕುಗ್ಗತೊಡಗಿದಾಗ ನಾಕ್ಸ್-ಜಾನ್‌ಸ್ಟನ್ ಅದನ್ನು ಹೊರತಂದು ರಿಪೇರಿಗೆ ಕೈಹಾಕಿದರು. ಮಹಾಸಾಗರಗಳನ್ನು ದಾಟಿದ ಮರ ನೆರಳಿನಲ್ಲಿ ಸುಮ್ಮನೆ ನಿಂತು ಹಾಳಾಗುತ್ತಿತ್ತು. ‘ವರ್ಷಗಟ್ಟಲೆ ಶೆಡ್ಡಿನಲ್ಲೇ ಜೋಪಾನವಾಗಿತ್ತು’ ಎಂದು ಯಾರಾದರೂ ಮರದ ದೋಣಿಯನ್ನು ಹೊಗಳಿದರೆ ನಾನು ಮೆಚ್ಚುವ ಬದಲು ಎಚ್ಚರಗೊಳ್ಳುತ್ತೇನೆ.

ಹಾಗೆಂದು ಹಳೆಯದೆಲ್ಲ ಬೇಡ ಎನ್ನುತ್ತಿಲ್ಲ. ನಾಕ್ಸ್-ಜಾನ್‌ಸ್ಟನ್ ಅವರ ಆ ಯಾತ್ರೆಯ ನೆನಪಿಗೆ ನಡೆಯುವ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ 1988ಕ್ಕಿಂತ ಹಿಂದಿನ ನಕ್ಷೆಯ, 32ರಿಂದ 36 ಅಡಿಯ ದೋಣಿಗಳಿಗಷ್ಟೇ ಪ್ರವೇಶ. 2022ರಲ್ಲಿ ಹೊರಟ ಪಂದ್ಯದಲ್ಲಿ ನಮ್ಮ ಅಭಿಲಾಷ್ ಟೋಮಿ ಎರಡನೆಯವರಾಗಿ ಬಂದರು. ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್. ಅವರ ‘ಮಿನ್ನೆಹಾಹಾ’ ಬೇರೆಯವರಿಂದ ಕೊಂಡ ಹಳೆಯ ದೋಣಿ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ತಿಂಗಳುಗಟ್ಟಲೆ ತಾವೇ ಕೂತು ಅದನ್ನು ಬಿಚ್ಚಿ ಜೋಡಿಸಿ, ಆಮೇಲೆ ಕಡಲಿಗೆ ಹೊರಟರು. ನಡುದಾರಿಯಲ್ಲಿ ದೋಣಿ ಮುಳುಗಿಸಿಕೊಂಡ ಸಹಸ್ಪರ್ಧಿಯೊಬ್ಬರನ್ನು ಹುಡುಕಿ ಕಾಪಾಡಿದ್ದೂ ಅದೇ ದೋಣಿಯಲ್ಲಿ. ನಾವು ಕೊಳ್ಳುವ ದೋಣಿಗೆ ಅಂಥ ದುಡಿಮೆಯನ್ನು ಹಿಂದಿನ ಒಡೆಯನೇ ಮಾಡಿದ್ದರೆ ಅದಕ್ಕೆ ಹಣ ಕೊಡುವುದು ನ್ಯಾಯ. ಮಾಡಿಲ್ಲವಾದರೆ ಅದು ನಮ್ಮ ಹೆಗಲಿಗೆ ಬೀಳುತ್ತದೆ.

ಅಗ್ಗದ ದೋಣಿಗೆ ನಿಲುಗಡೆಯ ಬಾಡಿಗೆ ಅಗ್ಗವಲ್ಲ ಎಂಬುದನ್ನೂ ಮರೆಯಬಾರದು. ಬಂದರಿನವರು ಬಾಡಿಗೆ ಹಾಕುವುದು ದೋಣಿಯ ಉದ್ದ ಅಳೆದು. ಕೊಳ್ಳುವ ಮುನ್ನ, ಕೇಳಿದ ಬೆಲೆಯ ಜೊತೆಗೆ ಮೊದಲ ಎರಡು ವರ್ಷದ ರಿಪೇರಿಯನ್ನೂ ಕೂಡಿಸಿ. ಬಂದ ಮೊತ್ತ ಅದೇ ಜಾತಿಯ ಸುಸ್ಥಿತಿಯ ದೋಣಿಯ ಬೆಲೆಯನ್ನು ಮೀರಿದರೆ ಅದನ್ನು ಬಿಟ್ಟುಬಿಡಿ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ನೀವೇ ಗೊತ್ತುಮಾಡಿದ ಸರ್ವೆಯರ್‌ಗೆ ತೋರಿಸಲು ಒಪ್ಪದವನ ಬಳಿ ಚೌಕಾಸಿಗೂ ಇಳಿಯಬೇಡಿ.