*ಇಂದಿನ ಚಿಂತನೆ: ಹೀಲಿಯಂಗೆ ಇದ್ದ ಕೊರತೆ ಯಾವುದು?*



"ಅವನ ಹುಟ್ಟುಗುಣವೇ ಅಷ್ಟು" ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಪ್ರತೀತ್ಯ ಸಮುತ್ಪಾದವನ್ನು ಓದುವವರು ಈ ಮಾತನ್ನು ಒಪ್ಪಬಹುದೇ? ಇಂದು ಇದನ್ನು ವಿಶ್ವದ ಮೊದಲ 20 ನಿಮಿಷಗಳಲ್ಲಿಟ್ಟು ನೋಡೋಣ.

ಸುಮಾರು 1380 ಕೋಟಿ ವರ್ಷಗಳ ಹಿಂದೆ, ವಿಶ್ವ ಹುಟ್ಟಿ ಒಂದು ಸೆಕೆಂಡ್ ಕಳೆದಾಗ, ಪ್ರೋಟಾನ್ ನ್ಯೂಟ್ರಾನ್‌ಗಳು ಬಿಡಿಬಿಡಿಯಾಗಿದ್ದವು. ಎರಡು ಕೂಡಿದರೂ ಅಷ್ಟು ಬಿಸಿಯಲ್ಲಿ ಬೆಳಕಿನ ಕಣಗಳೇ ಆ ಜೋಡಿಯನ್ನು ಒಡೆದುಹಾಕುತ್ತಿದ್ದವು. ಎರಡು ಮೂರು ನಿಮಿಷ ಕಳೆದು, ತಾಪ ಸುಮಾರು 100 ಕೋಟಿ ಡಿಗ್ರಿಗೆ ಇಳಿದಾಗ ಜೋಡಿಗಳು ಉಳಿದವು, ಕೂಡಿ ಹೀಲಿಯಂ ಆದವು. ಸುಮಾರು 20 ನಿಮಿಷಕ್ಕೆಲ್ಲ ಕೆಲಸ ನಿಂತಿತು. ತೂಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ, ಲವಲೇಶ ಲಿಥಿಯಂ. ನಮ್ಮ ದೇಹದ ಇಂಗಾಲ, ರಕ್ತದ ಕಬ್ಬಿಣ ಆಗ ಇರಲೇ ಇಲ್ಲ.

*ಒಂದು:* ಒಂಟಿ ನ್ಯೂಟ್ರಾನ್ ಸರಾಸರಿ 15 ನಿಮಿಷ ಬಾಳಿ ಒಡೆಯುತ್ತದೆ. ಹೀಲಿಯಂನೊಳಗೆ ಸೇರಿಕೊಂಡ ನ್ಯೂಟ್ರಾನ್ ಇಂದಿಗೂ ಉಳಿದಿದೆ. ಕಣ ಅದೇ, ಸಂಗ ಬೇರೆ.

*ಎರಡು:* ಇಂಗಾಲವಾಗಲು ಹೀಲಿಯಂನ ಮೂರು ನ್ಯೂಕ್ಲಿಯಸ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಸೇರಬೇಕು. ಎರಡೇ ಸೇರಿದರೆ ಕ್ಷಣದೊಳಗೆ ಒಡೆಯುತ್ತವೆ. ಹಿಗ್ಗುತ್ತ, ತೆಳುವಾಗುತ್ತಿದ್ದ ವಿಶ್ವದಲ್ಲಿ ಅದಕ್ಕೆ ಪುರುಸೊತ್ತಿರಲಿಲ್ಲ. ಕೋಟ್ಯಂತರ ವರ್ಷಗಳ ಮೇಲೆ ನಕ್ಷತ್ರಗಳ ಒಡಲಲ್ಲಿ ಬಿಸಿ, ಒತ್ತಡ, ಸಮಯ ಮೂರೂ ಸಿಕ್ಕವು. ಅಂಥದೇ ಹೀಲಿಯಂ ಇಂಗಾಲವಾಯಿತು.

ಆ 20 ನಿಮಿಷ ಮಾತ್ರ ನೋಡಿದವರು "ಹೀಲಿಯಂನಿಂದ ಏನೂ ಆಗದು" ಎಂದು ಬರೆದಿಟ್ಟಿದ್ದರೆ? ಟೀಚರುಗಳ ಕೋಣೆಯಲ್ಲಿ ಇಂಥ ತೀರ್ಪನ್ನು ಪ್ರತಿವರ್ಷ ಕೇಳುತ್ತೇನೆ: "ಆ ಹುಡುಗನ ತಲೆಗೆ ಏನೂ ಹತ್ತಲ್ಲ ಬಿಡಿ." ಅವನು ಬೆಳಗ್ಗೆ ತಿಂದಿದ್ದಾನೋ, ಓದಲು ಮನೆಯಲ್ಲಿ ಒಂದು ಮೂಲೆ ಇದೆಯೋ, ತಪ್ಪು ಓದಿದಾಗ ನಗದೆ ಕಾಯುವವರು ಯಾರಾದರೂ ಇದ್ದಾರೋ, ಯಾರೂ ವಿಚಾರಿಸಿರುವುದಿಲ್ಲ.

ಹಾಗಾದರೆ ಎಲ್ಲಕ್ಕೂ ಪರಿಸ್ಥಿತಿಯೇ ಕಾರಣ, ನಮಗೆ ಹೊಣೆಯೇ ಇಲ್ಲವೇ? ಇದೆ. ಕಣಕ್ಕೆ ಸಂಕಲ್ಪವಿಲ್ಲ, ನಮಗಿದೆ. ಬುದ್ಧರು ಕರ್ಮವೆಂದು ಕರೆದದ್ದು ಆ ಸಂಕಲ್ಪವನ್ನೇ. ನಮ್ಮ ಒಂದು ಮಾತು, ಒಂದಿಷ್ಟು ತಾಳ್ಮೆ ಇನ್ನೊಬ್ಬರ ಪಾಲಿಗೆ ಪ್ರತ್ಯಯ, ಅಂದರೆ ಒದಗಿಬರುವ ಕಾರಣ. ನ್ಯೂಟ್ರಾನ್‌ಗೆ ತನ್ನ ಸಂಗವನ್ನು ಆಯ್ದುಕೊಳ್ಳಲು ಬಾರದು. ನಮಗೆ ಇನ್ನೊಬ್ಬರ ಸಂಗವಾಗಲು ಬರುತ್ತದೆ.

ಇಂದು ಯಾರ ಬಗ್ಗೆಯಾದರೂ "ಅವರು ಅಷ್ಟೇ" ಎನ್ನುವ ಮೊದಲು ಕೇಳಿಕೊಳ್ಳೋಣ: ಅವರಿಗೆ ಏನು ಒದಗಿಲ್ಲ? ಅದರಲ್ಲಿ ನಾನು ಒದಗಿಸಬಲ್ಲದ್ದು ಯಾವುದು?

ಎಲ್ಲರಿಗೂ ಮಂಗಳವಾಗಲಿ 🙏