ನಿಯಮ, ತೀರ್ಪು ಮತ್ತು ನ್ಯಾಯ

ಒಂದೇ ಕೃತ್ಯಕ್ಕೆ ಎರಡು ಬಗೆಯ ತೀರ್ಪು ಬಂದರೆ ನ್ಯಾಯ ಉಳಿಯುತ್ತದೆಯೇ ಎಂಬುದು ಹಳೆಯ ತಾತ್ತ್ವಿಕ ಪ್ರಶ್ನೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಇದಕ್ಕೊಂದು ನಿದರ್ಶನ. ಅಲ್ಲಿನ ಆಡಳಿತ ಸಂಸ್ಥೆ ಎನ್‌ಸಿಎಎ 1967ರಲ್ಲಿ ಡಂಕ್ (ನೆಗೆದು ಚೆಂಡನ್ನು ಮೇಲಿನಿಂದ ಬುಟ್ಟಿಯೊಳಗೆ ತುರುಕುವುದು) ನಿಷೇಧಿಸಿ, 1976ರಲ್ಲಿ ಮತ್ತೆ ಅನುಮತಿಸಿತು. ಪುರುಷರ ಆಟದಲ್ಲಿ ಚೆಂಡನ್ನು ಬುಟ್ಟಿಗೆ ಎಸೆಯುವ ಗಡುವು 1985ರಲ್ಲಿ 45 ಸೆಕೆಂಡು, 1993ರಲ್ಲಿ 35, 2015ರಲ್ಲಿ 30 ಆಯಿತು. ಇಂಥ ಬದಲಾವಣೆ ಅನ್ಯಾಯವಲ್ಲ; ಅದು ಮೊದಲೇ ಪ್ರಕಟವಾಗಿ ಎಲ್ಲ ತಂಡಗಳಿಗೂ ಸಮನಾಗಿ ಅನ್ವಯಿಸುತ್ತದೆ.

ತೊಡಕಿರುವುದು ತೀರ್ಪಿನಲ್ಲಿ. ಮುನ್ನುಗ್ಗುವ ಆಟಗಾರ ತಡೆಯುವವನಿಗೆ ಡಿಕ್ಕಿ ಹೊಡೆದರೆ ತಪ್ಪು ಯಾರದು? 2023ರ ತಿದ್ದುಪಡಿಯಂತೆ, ಮುನ್ನುಗ್ಗುವವನು ನೆಗೆಯಲು ಕಾಲೂರುವ ಮುನ್ನವೇ ತಡೆಯುವವನು ನೆಲೆ ನಿಂತಿರಬೇಕು; ಇಲ್ಲದಿದ್ದರೆ ತಪ್ಪು ತಡೆಯುವವನದು. ಆದರೆ ಎವೆಯಿಕ್ಕುವಷ್ಟರಲ್ಲಿ ಮುಗಿಯುವ ಈ ಘಟನೆಯನ್ನು ಮನುಷ್ಯನ ಕಣ್ಣೇ ಅಳೆಯಬೇಕು.

ಸಾಮಾನ್ಯ ನಿಯಮ ಎಲ್ಲ ಸಂದರ್ಭಗಳಿಗೂ ಸಾಲದು, ಅಲ್ಲಿ ವಿವೇಕ ಬೇಕು ಎಂದು ಅರಿಸ್ಟಾಟಲ್ ಪ್ರತಿಪಾದಿಸಿದ. ತೀರ್ಪುಗಾರನ ಮಾತು ಅಂತಿಮವಾದರೂ ಅದೇ ನಿಯಮವಲ್ಲ ಎಂದು ನ್ಯಾಯಶಾಸ್ತ್ರಜ್ಞ ಎಚ್.ಎಲ್.ಎ. ಹಾರ್ಟ್ 1961ರಲ್ಲಿ ವಿವರಿಸಿದರು. ಆ ಮಾತೇ ನಿಯಮವಾಗಿದ್ದರೆ ತೀರ್ಪನ್ನು ತಪ್ಪೆನ್ನಲೂ ಆಗುತ್ತಿರಲಿಲ್ಲ. ಅಂದರೆ ತೀರ್ಪು ತಪ್ಪಾಗಬಹುದು; ಆದರೆ ಕಣ್ಣು ತಪ್ಪಿದ್ದು ಕ್ಷಮಾರ್ಹ. ಒಬ್ಬರಿಗೊಂದು, ಮತ್ತೊಬ್ಬರಿಗೊಂದು ಅಳತೆಗೋಲು ಹಿಡಿಯುವುದು ಮಾತ್ರ ಅನ್ಯಾಯ.